ಬಾಯಿತಪ್ಪಿ ಬಂದ ಊರಿನ ಹೆಸರು

ನನ್ನ ಹೆಂಡತಿಯಾಗಿದ್ದವಳು ನನ್ನ ಸೋದರತ್ತೆಯ ಮಗಳೂ ಹೌದು. ಹಾಗಾಗಿ ವಿಜಯವಾಡದ ಕೋರ್ಟು ನಮ್ಮನ್ನು ಬೇರೆ ಮಾಡಿದ ಮೇಲೂ ಒಂದು ನಂಟು ಉಳಿದೇ ಇತ್ತು. ಅದನ್ನು ಕಡಿಯುವುದು ಯಾವ ಕೋರ್ಟಿನ ಕೈಯಲ್ಲೂ ಇರಲಿಲ್ಲ.

ಅತ್ತೆ ನಮ್ಮಪ್ಪನ ತಂಗಿ. ಬಳ್ಳಾರಿಯಿಂದ ಮದುವೆಯಾಗಿ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂಗೆ ಹೋದವಳು. ಮಾವ ತೆಲುಗಿನವರು, ಅಲ್ಲಿಯ ವಿದ್ಯುತ್ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದರು. ಆ ಮನೆಯಲ್ಲಿ ಕನ್ನಡ ಆಡುತ್ತಿದ್ದವಳು ಅತ್ತೆ ಒಬ್ಬಳೇ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಮಾತ್ರ ತೆಲುಗು. ಮಾವ ತೀರಿಕೊಂಡ ವರ್ಷವೇ ನಮ್ಮ ಮದುವೆ ಆಯಿತು. ನಾನು ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಸೇರಿಕೊಂಡೆ. ಅವಳು ಊರಿನ ಕೇಬಲ್ ಚಾನೆಲ್‌ನಲ್ಲಿ ಸೀರೆ ಅಂಗಡಿಗಳ ಜಾಹೀರಾತು ಓದುತ್ತಿದ್ದಳು.

ಒಂದು ವರ್ಷದೊಳಗೆ ಸಂಜೆಯ ಕಾರ್ಯಕ್ರಮ ಅವಳ ಕೈಗೆ ಬಂತು. ಹೆಂಗಸರು ಫೋನ್ ಮಾಡಿ ಮನೆಯ ಕಷ್ಟಸುಖ ಹೇಳಿಕೊಳ್ಳುವುದು, ಇವಳು ಕೇಳುವುದು, ಅಷ್ಟೇ ಅದು. ಆದರೆ ಅವಳು ಕೇಳುವ ರೀತಿಯಲ್ಲಿ ಏನೋ ಇತ್ತು. ಫೋನಿನ ಆಚೆ ಇದ್ದವರು ಅತ್ತು ಮುಗಿಸುವ ತನಕ ಸುಮ್ಮನೆ ಕಾಯುತ್ತಿದ್ದಳು. ಊರಿಗೆ ಊರೇ ಅವಳನ್ನು ನಮ್ಮ ಮನೆಯ ಹುಡುಗಿ ಅನ್ನತೊಡಗಿತು.

ನನಗೆ ಹೆದರಿಕೆ ಶುರುವಾದದ್ದು ಆಗ. ಬಸ್ಸಿನಲ್ಲಿ ಇಬ್ಬರು ಗಂಡಸರು ಅವಳ ನಗುವಿನ ಬಗ್ಗೆ ಮಾತಾಡುವುದನ್ನು ಕೇಳಿದೆ. ಎರಡು ನಿಲ್ದಾಣ ಮುಂಚೆಯೇ ಇಳಿದು ನಡೆದು ಹೋದೆ. ಹೆದರಿದ್ದೇನೆ ಅಂತ ಅವಳಿಗೆ ಹೇಳಲಿಲ್ಲ. ಬದಲಿಗೆ ಪ್ರಶ್ನೆ ಕೇಳತೊಡಗಿದೆ. ಆ ಫೋನ್ ಮಾಡಿದವನು ಯಾರು, ಅವನ ಮಾತಿಗೆ ಯಾಕೆ ನಕ್ಕೆ, ಆ ಸೀರೆಯನ್ನೇ ಯಾಕೆ ಉಟ್ಟೆ. ಕೊನೆಗೆ ಕೆಲಸ ಬಿಡು ಅಂದೆ. ಅವಳು ಬಿಡಲಿಲ್ಲ. ನಾಲ್ಕನೆಯ ವರ್ಷ ನಾವು ಒಬ್ಬರನ್ನೊಬ್ಬರು ಬಿಟ್ಟೆವು. ಮಕ್ಕಳಿರಲಿಲ್ಲ. ನಾನು ವಿಶಾಖಪಟ್ಟಣಕ್ಕೆ ಬಂದು ದ್ವಾರಕಾ ನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ ಹಿಡಿದೆ, ಪೆಂಡುರ್ತಿಯಲ್ಲಿ ಒಂದು ಕೋಣೆ ಬಾಡಿಗೆಗೆ ತಗೊಂಡೆ. ಅಲ್ಲಿ ನಾನು ಯಾರ ಗಂಡನಾಗಿದ್ದೆ ಅಂತ ಯಾರಿಗೂ ಗೊತ್ತಿರಲಿಲ್ಲ.

ಮೊಬೈಲಿಗೆ ಬರುವ ಕರೆಗಳು ಪುಕ್ಕಟೆಯಾಗಿ ಆಗಿನ್ನೂ ಒಂದೆರಡು ವರ್ಷ. ಅವಳ ಚಾನೆಲ್ ರಾಜ್ಯಕ್ಕೆಲ್ಲ ಕಾಣುವ ಹಾಗಾಯಿತು. ಪೆಂಡುರ್ತಿಯ ಮನೆ ಒಡತಿ ಸಂಜೆ ಏಳಕ್ಕೆ ಟಿ.ವಿ. ಮುಂದೆ ಕೂತರೆ ಏಳುತ್ತಿರಲಿಲ್ಲ. "ಎಂಥ ಬಂಗಾರದಂಥ ಹುಡುಗಿ ನೋಡಿ ಬಾಬೂ" ಅನ್ನುತ್ತಿದ್ದಳು. ನಾನು ತಲೆ ಆಡಿಸಿ ನನ್ನ ಕೋಣೆಗೆ ಹೋಗುತ್ತಿದ್ದೆ. ಅಲ್ಲಿ ನನ್ನದೇ ಒಂದು ಪುಟ್ಟ ಟಿ.ವಿ. ಇತ್ತು. ಅದರ ದನಿ ಪೂರ್ತಿ ತಗ್ಗಿಸಿ, ಬರೀ ಚಿತ್ರ ನೋಡುತ್ತಿದ್ದೆ. ದಿನಾಲೂ.

ಆ ಮನುಷ್ಯ ಮೊದಲು ಬಂದದ್ದು ಎದೆಯ ಎಕ್ಸ್‌ರೇಗೆ. ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಹಾಗೆ ಪಾಲಿಶ್ ಮಾಡಿದ ಕಂದು ಚಪ್ಪಲಿ. ಅಂಗಿ ಬಿಚ್ಚಿಸಿ ಎದೆಯನ್ನು ಹಲಗೆಗೆ ಒತ್ತಿ ನಿಲ್ಲಿಸಿದೆ. "ಉಸಿರು ಎಳೆದು ಹಿಡಿದುಕೊಳ್ಳಿ" ಅಂದೆ. ಹಿಡಿದುಕೊಂಡ. ಚಿತ್ರ ತೆಗೆದು "ಬಿಡಿ" ಅಂದೆ. ಬಿಡಲಿಲ್ಲ. ಕತ್ತು ತಿರುಗಿಸಿ ನನ್ನನ್ನೇ ನೋಡುತ್ತ ಇನ್ನಷ್ಟು ಹೊತ್ತು ಹಾಗೇ ನಿಂತಿದ್ದ.

ಗುಂಡಿ ಹಾಕಿಕೊಳ್ಳುತ್ತ ತೆಲುಗಿನಲ್ಲಿ ಹೇಳಿದ, "ತುಂಬ ಇಳಿದು ಹೋಗಿದ್ದೀರಿ ಗುರುವುಗಾರೂ. ಮದುವೆ ಫೋಟೋದಲ್ಲಿ ಮೈಕೈ ತುಂಬಿಕೊಂಡಿದ್ದಿರಿ."

ಯಾವ ಫೋಟೋ ಅಂದೆ. ವಿಜಯವಾಡದ ಸ್ಟುಡಿಯೋದವರು ನಮ್ಮ ಮದುವೆ ಚಿತ್ರವನ್ನು ಗಾಜಿನ ಕಪಾಟಿನಲ್ಲಿ ಮಾದರಿಗೆ ಅಂತ ಇಟ್ಟಿದ್ದರಂತೆ. ಅವಳಿಗೆ ಹೆಸರು ಬಂದ ಮೇಲೆ ದೊಡ್ಡದು ಮಾಡಿಸಿ ಇಟ್ಟರಂತೆ. ಇವನು ಅದನ್ನು ನೋಡಿ, ಅವರಿಂದ ಇವರಿಂದ ಕೇಳಿ, ನಾನಿದ್ದಲ್ಲಿಗೆ ಬಂದಿದ್ದ. "ಎಂಟು ತಿಂಗಳು ಹಿಡಿಯಿತು" ಅಂತ ಶಾಂತವಾಗಿ ಹೇಳಿ ಕೈಮುಗಿದು ಹೋದ. ಎಕ್ಸ್‌ರೇ ಫಿಲ್ಮು ತಗೊಳ್ಳಲು ಬರಲೇ ಇಲ್ಲ.

ನಾಲ್ಕು ದಿನದ ಮೇಲೆ ಬಸ್ಸಿನಲ್ಲಿ ಸಿಕ್ಕ. ಅರ್ಧ ಬಸ್ಸು ಖಾಲಿ ಇತ್ತು. ಬಂದು ನನ್ನ ಪಕ್ಕಕ್ಕೇ ಕೂತ. ಗೋಪಾಲಪಟ್ನಂ ದಾಟುವ ತನಕ ಮಾತಾಡಲಿಲ್ಲ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದ. "ಎಡಗಿವಿಯ ಓಲೆ ಮುಟ್ಟಿಕೊಂಡರೆ ನನ್ನ ಜೊತೆ ಮಾತಾಡುತ್ತಿದ್ದಾರೆ ಅಂತ ಅರ್ಥ. ನಿನ್ನೆ ಮೂರು ಸಲ ಮುಟ್ಟಿದರು. ನೀವೂ ನೋಡಿರಬೇಕು."

ನಾನು ನೋಡಿದ್ದೆ. ಅದೇ ನನ್ನನ್ನು ಹೆಚ್ಚು ಹೆದರಿಸಿದ್ದು. ಅವಳು ಓಲೆ ಮುಟ್ಟಿಕೊಂಡದ್ದು ಮೂರು ಸಲ ಅಂತ ನನಗೂ ಲೆಕ್ಕ ಇತ್ತು.

ಆಮೇಲೆ ದಿನಾ ದಾರಿ ಬದಲಿಸಿದೆ. ಕೆಲಸದಿಂದ ಹೊರಡುವ ಮೊದಲು ಬಾಗಿಲ ಸಂದಿಯಿಂದ ರಸ್ತೆ ನೋಡುತ್ತಿದ್ದೆ. ಪೊಲೀಸರಿಗೆ ಹೇಳಬೇಕು ಅನಿಸಿತು, ಠಾಣೆಯ ಗೇಟಿನ ತನಕ ಹೋಗಿಯೂ ಬಂದೆ. ಏನಂತ ಹೇಳುವುದು? ಬಸ್ಸಿನಲ್ಲಿ ಪಕ್ಕ ಕೂತ ಅಂತಲೆ?

ಒಂದು ಶುಕ್ರವಾರ ಸಂಜೆ ಮನೆಗೆ ಬಂದಾಗ ಆ ಕಂದು ಚಪ್ಪಲಿಗಳು ಮೆಟ್ಟಿಲ ಕೆಳಗೆ ಜೋಡಿಸಿಟ್ಟಿದ್ದವು. ಅವನು ಜಗಲಿಯಲ್ಲಿ ಕೂತು ಮನೆ ಒಡತಿ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ. "ನಿಮ್ಮ ಊರಿನ ಕಡೆಯವರಂತೆ ಬಾಬೂ, ಎಷ್ಟು ಮರ್ಯಾದಸ್ಥರು" ಅಂದಳು ಅವಳು. ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ. ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದ. ದುಂಡನೆಯ ಅಕ್ಷರದಲ್ಲಿ ಬರೆದಿತ್ತು. ಆಕೆಯ ಮೇಲೆ ನನಗೆ ಯಾವ ಹಕ್ಕೂ ಇಲ್ಲ, ಆಕೆಯನ್ನು ಮನಸಾರೆ ಇವರಿಗೆ ಒಪ್ಪಿಸಿದ್ದೇನೆ, ಇನ್ನು ಮುಂದೆ ಕಾರ್ಯಕ್ರಮ ನೋಡುವುದಿಲ್ಲ.

"ಇದಕ್ಕೆಲ್ಲ ಅರ್ಥ ಇಲ್ಲರೀ" ಅಂದೆ.

ಅವನು ನನ್ನ ಭುಜದ ಮೇಲೆ ಕೈ ಇಟ್ಟ. ಒತ್ತಲಿಲ್ಲ, ಬರೀ ಇಟ್ಟ. "ನೀವು ಅವರನ್ನು ಅಳುವ ಹಾಗೆ ಮಾಡಿದ್ದೀರಿ. ಹಾಗಂತ ನಾನು ಸಿಟ್ಟಾಗಿದ್ದೇನಾ? ಸಹಿ ಹಾಕಿ ಗುರುವುಗಾರೂ."

ನಾನು ಸಹಿ ಹಾಕಿದೆ. ಈಗಲೂ ಅದನ್ನು ಬರೆಯುವಾಗ ಕೈ ನಿಲ್ಲುತ್ತದೆ, ಆದರೆ ಹಾಕಿದ್ದು ನಿಜ. ಪೆನ್ನಿನ ಮುಚ್ಚಳ ಹಾಕುತ್ತಿದ್ದಾಗ ಅವನು ಕಚೇರಿಯಲ್ಲಿ ಫಾರಂ ತುಂಬಿಸಿಕೊಳ್ಳುವ ಗುಮಾಸ್ತರ ಹಾಗೆ, ತಲೆ ಎತ್ತದೆ ಕೇಳಿದ, "ಮೇಡಂ ತಾಯಿಯವರ ಊರು?"

"ಇಬ್ರಾಹಿಂಪಟ್ನಂ" ಅಂದುಬಿಟ್ಟೆ.

ಅವನು ಕಾಗದ ಮಡಿಚಿದ. "ಅಮ್ಮನ ಮನೆಯ ಮಾಳಿಗೆಯಿಂದ ಸ್ಥಾವರದ ಚಿಮಣಿಗಳು ಕಾಣುತ್ತವೆ ಅಂತ ಕಾರ್ಯಕ್ರಮದಲ್ಲಿ ಒಂದು ಸಲ ಹೇಳಿದ್ದರು. ಯಾವ ಸ್ಥಾವರ ಅಂತ ಹೇಳಿರಲಿಲ್ಲ. ಭಾನುವಾರದ ಊಟ ಅಮ್ಮನ ಕೈಯಿಂದಲೇ ಅಂತಲೂ ಹೇಳಿದ್ದರು." ಕೈಮುಗಿದು ಹೊರಟ.

ಶನಿವಾರ ಬೆಳಿಗ್ಗೆಯಿಂದ ಫೋನ್ ಮಾಡಿದೆ. ಅವಳ ಮೊಬೈಲ್ ನಂಬರು ಬದಲಾಗಿತ್ತು. ಅತ್ತೆಯ ಮನೆಯ ಫೋನು ಕೆಟ್ಟಿರಬೇಕು, ಒಂದೇ ಸಮ ಕುಂಯ್‌ಗುಡುತ್ತಿತ್ತು. ಕಾರ್ಯಕ್ರಮದ ಆಫೀಸಿಗೆ ಮಾಡಿ, ನಾನು ಮೇಡಂ ಅವರ ಗಂಡ, ಅಂದರೆ ಮೊದಲಿನ ಗಂಡ, ತುಂಬ ಅರ್ಜೆಂಟು ಅಂದೆ. ಆ ಕಡೆಯ ಹುಡುಗಿ ನಿಟ್ಟುಸಿರು ಬಿಟ್ಟಳು. "ಎಲ್ಲರೂ ಹಾಗೇ ಹೇಳುತ್ತಾರೆ ಸಾರ್. ಇವತ್ತು ನೀವು ಮೂರನೆಯವರು." ಫೋನ್ ಇಟ್ಟಳು. ಪೊಲೀಸರಿಗೆ ಹೇಳಿದರೆ ಸಹಿ ಹಾಕಿದ್ದನ್ನೂ ಹೇಳಬೇಕಾಗುತ್ತಿತ್ತು.

ಭಾನುವಾರ ಬೆಳಿಗ್ಗೆಯ ಮೊದಲ ರೈಲು ಹಿಡಿದೆ. ಟಿಕೆಟ್ಟಿದ್ದದ್ದು ಜನರಲ್ ಬೋಗಿಗೆ, ಕೂರಲು ಜಾಗ ಸಿಕ್ಕರೂ ಕೂತದ್ದು ಕಡಿಮೆ. ತುನಿ, ಸಾಮರ್ಲಕೋಟ. ಪ್ರತಿ ನಿಲ್ದಾಣದಲ್ಲೂ ಇಳಿದು ಇಡೀ ರೈಲಿನುದ್ದಕ್ಕೂ ನೋಡುತ್ತಿದ್ದೆ, ಅವನೂ ಇದರಲ್ಲೇ ಇದ್ದರೆ ಅಂತ. ಗೋದಾವರಿಯ ಸೇತುವೆ ಮೇಲೆ ಜನ ಕಿಟಕಿಯಿಂದ ಹೊಳೆಗೆ ಕೈಮುಗಿದರು. ನಾನೂ ಮುಗಿದೆ. ಏನು ಬೇಡಬೇಕೆಂದೇ ತೋಚಲಿಲ್ಲ. ಅವಳಿಗೆ ಏನೂ ಆಗದಿರಲಿ ಅಂತ ಬೇಡಿಕೊಳ್ಳುವಾಗಲೂ, ನಾನು ಸಹಿ ಹಾಕಿದ್ದು ಅವಳಿಗೆ ಗೊತ್ತಾಗದಿರಲಿ ಅಂತಲೂ ಜೊತೆಗೆ ಬರುತ್ತಿತ್ತು.

ವಿಜಯವಾಡದಲ್ಲಿ ಇಳಿದಾಗ ನೆತ್ತಿಯ ಮೇಲೆ ಬಿಸಿಲು. ಬಸ್ಸು ಹಿಡಿದು ಇಬ್ರಾಹಿಂಪಟ್ನಂ ತಲುಪಿದೆ. ಅತ್ತೆಯ ಓಣಿಗೆ ತಿರುಗುವಾಗ ಓಡುತ್ತಿದ್ದೆ. ಬಾಗಿಲು ತೆಗೆದಿತ್ತು. ಹೊಸ್ತಿಲ ಪಕ್ಕದಲ್ಲಿ, ಸ್ಥಾವರದ ಬೂದಿ ಕೂತ ನೆಲದ ಮೇಲೆ, ಕಂದು ಚಪ್ಪಲಿಗಳು.

ಒಳಗೆ ಅವನು ಮರದ ಕುರ್ಚಿಯಲ್ಲಿ ಕೂತು ಪುಳಿಯೋಗರೆ ತಿನ್ನುತ್ತಿದ್ದ. ತೊಡೆಯ ಮೇಲೆ ಒಂದು ಬಟ್ಟೆಯ ಚೀಲ. ಅತ್ತೆ ನನ್ನನ್ನು ನೋಡಿ ಮುಖ ಅರಳಿಸಿದಳು. ಎರಡು ವರ್ಷದ ಮೇಲೆ ನೋಡುತ್ತಿದ್ದಳು.

"ಬಂದ್ಯಾ ಬಾರಪ್ಪ. ನಿನ್ನ ಗೆಳೆಯರು ಬಂದು ಒಂದು ತಾಸಾತು. ನಿಮ್ಮಿಬ್ಬರನ್ನ ಮತ್ತ ಒಂದು ಮಾಡಬೇಕಂತ ಅಷ್ಟು ದೂರದಿಂದ ಬಂದಾರ ನೋಡು."

"ಬನ್ನಿ ಗುರುವುಗಾರೂ" ಅಂತ ಅವನು ಅಲ್ಲಿನ ಯಜಮಾನನ ಹಾಗೆ ನನ್ನನ್ನು ಕರೆದ.

ಅವನ ಎದುರಿಗೇ ಅತ್ತೆಗೆ ಹೇಗೆ ಹೇಳುವುದು? ಆಗ ಹೊಳೆಯಿತು, ಇವನಿಗೆ ಕನ್ನಡ ಬರುವುದಿಲ್ಲ. ಆದರೂ ಆರಿಸಿ ಆರಿಸಿ ಮಾತಾಡಬೇಕಿತ್ತು. ಪೊಲೀಸ್ ಅನ್ನುವ ಹಾಗಿಲ್ಲ, ಅದು ಎಲ್ಲ ಭಾಷೆಯಲ್ಲೂ ಇದೆ. ಅಪಾಯ, ಮೋಸ, ಸ್ನೇಹಿತ, ಎಲ್ಲ ತೆಲುಗಿನಲ್ಲೂ ಅವೇ. ಬಳ್ಳಾರಿಯ ಮನೆಮಾತಿನಲ್ಲಿ ಉಳಿದದ್ದನ್ನು ಹುಡುಕಿ, ನಗುತ್ತ, ಪ್ರಯಾಣದ ಸುದ್ದಿ ಹೇಳುವವನ ಹಾಗೆ ಹೇಳಿದೆ.

"ಅತ್ತೀ, ಇಂವ ನಮ್ಮಂವ ಅಲ್ಲ. ಇವಂಗ ಹುಚ್ಚು ಹಿಡದೈತಿ. ನಿನ್ನ ಮಾರಿ ಸಣ್ಣದು ಮಾಡಬ್ಯಾಡ. ನಗು."

ಅತ್ತೆ ನಕ್ಕಳು. ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಅಷ್ಟೇ. ಉಪ್ಪು ಸಾಕೋ ಬೇಕೋ ಅಂತ ಕೇಳುವ ದನಿಯಲ್ಲೇ ಕೇಳಿದಳು, "ಆಕಿ ಊಟಕ್ಕ ಬರೋ ಹೊತ್ತಾತು, ಇನ್ನೇನ್ ಬರ್ತಾಳ. ಹ್ಯಾಂಗೋ?"

"ಓಣಿಯವರನ್ನ ಕರಕೊಂಡು ಬಾ. ಓಡಬ್ಯಾಡ."

ಅತ್ತೆ ಅವನ ಕಡೆ ತಿರುಗಿ ತೆಲುಗಿನಲ್ಲಿ, ಮೊಸರು ಮುಗಿದಿದೆ, ಎದುರು ಮನೆಯಿಂದ ತರುತ್ತೇನೆ ಅಂದಳು. ನಿಧಾನವಾಗಿ ಬಾಗಿಲು ದಾಟಿದಳು. ಚಪ್ಪಲಿ ಮೆಟ್ಟುವುದನ್ನು ಮರೆತಿದ್ದಳು. ಸುಡುವ ನೆಲದ ಮೇಲೆ ಬರಿಗಾಲಲ್ಲಿ ಹೋಗುವುದನ್ನು ಅವನು ಗಮನಿಸಿಬಿಟ್ಟಾನು ಅಂತ ನಾನು ಬಾಗಿಲಿಗೆ ಅಡ್ಡ ಕೂತೆ.

"ಇದು ಯಾವ ಭಾಷೆ?" ಅಂದ. "ಕನ್ನಡವಾ? ನನಗೂ ಕಲಿಸಿ. ಅತ್ತೆಗಾರಿನ ಜೊತೆ ಮಾತಾಡಬೇಕಲ್ಲ ಇನ್ನು."

ಆಮೇಲೆ ಚೀಲದಲ್ಲಿದ್ದದ್ದನ್ನು ಒಂದೊಂದಾಗಿ ಟೀಪಾಯಿಯ ಮೇಲೆ ಇಟ್ಟ. ಒಂದು ಹಸಿರು ರೇಷ್ಮೆ ಸೀರೆ. ಕುಂಕುಮದ ಭರಣಿ. ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ. ಪ್ಲಾಸ್ಟಿಕ್ ಹಾಳೆಯೊಳಗೆ ನನ್ನ ಸಹಿಯಿದ್ದ ಕಾಗದ. ನಾಲ್ಕು ಮೂಸಂಬಿ, ಅದರ ಪಕ್ಕ ಒಂದು ಚಾಕು. ಅದು ಹಣ್ಣು ಕೊಯ್ಯಲು ತಂದದ್ದೋ ಬೇರೆಯದಕ್ಕೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ನಾನು ತಿರುಗಿ ನೋಡಿದೆ. ಅವಳು ಇಳಿಯುತ್ತಿದ್ದಳು. ಮಾಸಿದ ಹತ್ತಿಯ ಚೂಡಿದಾರ, ದಪ್ಪ ಕನ್ನಡಕ, ರಬ್ಬರ್ ಬ್ಯಾಂಡ್ ಹಾಕಿ ಎಳೆದು ಕಟ್ಟಿದ ಕೂದಲು, ಕೈಯಲ್ಲಿ ಸೊಪ್ಪಿನ ಚೀಲ. ಬೆವರಿಗೆ ಮುಖವೆಲ್ಲ ಕಪ್ಪಿಟ್ಟಿತ್ತು. ಅವನೂ ನೋಡಿದ. ನೋಡಿ, ಅವಳ ಹಿಂದೆ ಯಾರಾದರೂ ಇದ್ದಾರೋ ಅಂತ ಕತ್ತು ಚಾಚಿದ.

ಅವನಿಗೆ ಗುರುತು ಸಿಗಲಿಲ್ಲ. ಆದರೆ ದನಿ ಕೇಳಿದರೆ ಸಿಗುತ್ತಿತ್ತು.

ಅವಳು ಹೊಸ್ತಿಲಿಗೆ ಬಂದು ನನ್ನನ್ನು ಕಂಡು ನಿಂತಳು. ಬಾಯಿ ತೆರೆಯುವಷ್ಟರಲ್ಲಿ ನಾನು ಕನ್ನಡದಲ್ಲಿ ಹೇಳಿದೆ, "ಬಾಯಿ ಬಿಡಬ್ಯಾಡ. ಸುಮ್ನ ಒಳಗ ಹೋಗು."

ಅವಳ ಮುಖದಲ್ಲಿ ಹಳೆಯ ಸಿಟ್ಟು ಏರಿತು. ಮೂರು ವರ್ಷ ಅವಳಿಗೆ ನಾನು ಹೇಳಿದ್ದು ಹೆಚ್ಚುಕಡಿಮೆ ಅದನ್ನೇ ತಾನೆ. ಒಂದು ಕ್ಷಣ, ಇವಳು ಈಗ ನನಗೆ ಎದುರು ಮಾತಾಡುತ್ತಾಳೆ, ಎಲ್ಲ ಮುಗಿಯಿತು ಅಂದುಕೊಂಡೆ. ಅವಳ ಕಣ್ಣು ಟೀಪಾಯಿಯ ಮೇಲೆ ಹೋಯಿತು. ದಾರ, ಚಾಕು. ಆಮೇಲೆ ನನ್ನ ಮುಖದ ಮೇಲೆ. ತಲೆ ತಗ್ಗಿಸಿ ನಡೆದಳು. ದಾರಿ ಬಿಡಲು ಅವನು ಕಾಲು ಮಡಚಿಕೊಂಡ.

"ಕೆಲಸದವರಾ?" ಅಂದ.

"ಹೌದು" ಅಂದೆ.

"ಮೇಡಂ ಯಾಕೋ ತಡ ಮಾಡಿದರು."

ಒಳಗೆ ಕೋಣೆಯ ಚಿಲಕ ಬಿದ್ದ ಸದ್ದು ಕೇಳಿತು. ಅವನು ಕುಂಕುಮದ ಭರಣಿಯನ್ನು ನೇರ ಮಾಡುತ್ತಿದ್ದ. ನಾನು ಸುಮ್ಮನಿರಲಾರದೆ ವಿಶಾಖಪಟ್ಟಣದ ಬಸ್ಸುಗಳ ಬಗ್ಗೆ ಏನೇನೋ ಮಾತಾಡಿದೆ, ಒಳಗಿನ ಸದ್ದು ಮುಚ್ಚಲಿ ಅಂತ. ಆದರೆ ಒಂದು ಸಲ ಉಸಿರು ತಗೊಳ್ಳಲು ನಿಲ್ಲಿಸಲೇಬೇಕಾಯಿತು. ಆ ಬಿಡುವಿನಲ್ಲಿ ಕೋಣೆಯ ಒಳಗಿಂದ ಪಿಸುದನಿ ಬಂತು. ಅವಳು ಮೊಬೈಲಿನಲ್ಲಿ ಪೊಲೀಸರಿಗೆ ಮನೆಯ ಗುರುತು ಹೇಳುತ್ತಿದ್ದಳು.

ಅವನು ಎದ್ದು ನಿಂತ. ಮುಖ ಬೆಳಕಾಗಿತ್ತು, ಹಾಗೆ ಬೆಳಕಾದ ಮುಖವನ್ನು ನಾನು ಇನ್ನೆಲ್ಲೂ ನೋಡಿಲ್ಲ. ಅರಿಶಿನದ ದಾರ ಕೈಗೆ ತಗೊಂಡು ಹೋಗಿ ಬಾಗಿಲಿಗೆ ಅಂಗೈ ಇಟ್ಟ. "ನಾನೇ. ಬಂದಿದ್ದೇನೆ. ತೆಗೆಯಿರಿ" ಅಂದ, ತುಂಬ ಮೆತ್ತಗೆ. ಇನ್ನೊಂದು ಸಲ ಅಂದ. ಆಮೇಲೆ ಭುಜದಿಂದ ಗುದ್ದಿದ. ಮೂರನೆಯ ಗುದ್ದಿಗೆ ಚೌಕಟ್ಟಿನ ಗಾರೆ ಉದುರಿತು.

ನಾನು ಹಿಂದಿನಿಂದ ಹೋಗಿ ಅವನ ಎರಡೂ ತೋಳು ಹಿಡಿದೆ. ಧೈರ್ಯದಿಂದಲ್ಲ. ಚಾಕು ಟೀಪಾಯಿಯ ಮೇಲೆಯೇ ಉಳಿದಿದೆ ಅಂತ ಖಚಿತ ಮಾಡಿಕೊಂಡು ಹಿಡಿದೆ. ಮೈ ಬೆಂಕಿಯಂತೆ ಬಿಸಿಯಿತ್ತು, ಅಂಗಿಯ ಒಳಗೆ ಬರೀ ಮೂಳೆ. ಅವನು ಕೊಸರಿ ನನ್ನ ಮುಖಕ್ಕೆ ಮೊಣಕೈಯಿಂದ ಹೊಡೆದ. ಬಾಯಿ ತುಂಬ ರಕ್ತ ಬಂತು, ಬಿಡಲಿಲ್ಲ. ಅಷ್ಟರಲ್ಲಿ ಅತ್ತೆ ಐದಾರು ಜನರನ್ನು ಕರೆದುಕೊಂಡು ಬಂದಳು. ಮುಂದಿದ್ದವರು ಎದುರು ಮನೆಯ ನಿವೃತ್ತ ಕ್ರೇನ್ ಆಪರೇಟರು, ಮಾವನ ಜೊತೆಗಾರರು. ಅವರು ಅವನನ್ನು ಹೊಡೆಯಲು ಯಾರನ್ನೂ ಬಿಡಲಿಲ್ಲ. ಎತ್ತಿ ಕುರ್ಚಿಯಲ್ಲಿ ಕೂರಿಸಿ, ತಮ್ಮ ಟವಲಿನಿಂದ ಕೈಕಟ್ಟಿ, ನೀರು ಕುಡಿಸಿದರು. ಅವನು ಬಾಗಿಲನ್ನೇ ನೋಡುತ್ತ ಅಳುತ್ತಿದ್ದ.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರು ನನ್ನನ್ನು ಕೇಳಿದರು, "ಈಕೆಗೆ ನೀವು ಏನಾಗಬೇಕು?" "ನಮ್ಮ ಅಣ್ಣನ ಮಗ" ಅಂತ ಅತ್ತೆ ಹೇಳಿದಳು. ಅವರು ಬರೆದುಕೊಂಡರು. ಆಮೇಲೆ ಆ ಪ್ಲಾಸ್ಟಿಕ್ ಹಾಳೆ ಎತ್ತಿ ಓದಿದರು, ಎರಡು ಸಲ. "ಇದು ನಿಮ್ಮ ಸಹಿಯಾ?"

ಅವಳು ಪಕ್ಕದಲ್ಲೇ ಕೂತಿದ್ದಳು. "ನಂದೇ" ಅಂದೆ. ಅವಳು ಕೈಚಾಚಿ ಕಾಗದ ತಗೊಂಡು ಓದಿ ವಾಪಸು ಕೊಟ್ಟಳು. ಊರಿನ ಹೆಸರು ಹೇಳಿದ್ದೂ ನಾನೇ ಅಂತ ಆಗಲೇ ಹೇಳಿಬಿಟ್ಟೆ, ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನಿಂತಾಗ ಅವಳು ಕನ್ನಡದಲ್ಲಿ ಮಾತಾಡಿದಳು, ತಡವರಿಸುತ್ತ, ಒಂದೊಂದೇ ಪದ ಹುಡುಕಿ. ನನ್ನ ಜೊತೆ ಕನ್ನಡದಲ್ಲಿ ಇಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ನೀನು ಹೆದರಿದರೆ ಏನಾದ್ರೂ ಕೊಟ್ಟು ಬಿಡ್ತೀ. ಆಗ ನನ್ನ ಉದ್ಯೋಗ ಕೊಡಾಕ ನೋಡಿದಿ. ಈಗ ನಮ್ಮಮ್ಮನ ಮನಿ."

"ತಪ್ಪಾತು."

"ತಪ್ಪೇ." ನನ್ನ ಬಾತ ತುಟಿ ನೋಡಿದಳು. "ಬಂದಿ ಕದಾ, ಬಂದಿಯಲ್ಲ, ಹೋಗ್ಲಿ. ತುಟಿಗೆ ಹೊಲಿಗೆ ಹಾಕಿಸ್ಕೋ."

ಆ ಮನುಷ್ಯನ ಅಕ್ಕ ಅನಕಾಪಲ್ಲಿಯಿಂದ ಬಂದರು. ತಾಯಿ ಸತ್ತ ಮೇಲೆ ಅವನು ಔಷಧ ನಿಲ್ಲಿಸಿದ್ದನಂತೆ. ಸಂಜೆ ಏಳಕ್ಕೆ ತಾಯಿಯೂ ಅವನೂ ಒಟ್ಟಿಗೆ ಕೂತು ಅವಳ ಕಾರ್ಯಕ್ರಮ ನೋಡುತ್ತಿದ್ದರಂತೆ. ಆ ಹೆಂಗಸು ಅವಳ ಕಾಲಿಗೆ ಬೀಳಲು ಹೋದಾಗ ಅವಳು ಹಿಡಿದೆತ್ತಿದಳು. ಜೈಲಿಗಿಂತ ಆಸ್ಪತ್ರೆಗೆ ಹಾಕಿ ಅಂತ ಅವಳೇ ಪೊಲೀಸರನ್ನು ಕೇಳಿಕೊಂಡಳು. ಎಷ್ಟೋ ತಿಂಗಳು ಅವನು ಆಸ್ಪತ್ರೆಯಲ್ಲಿದ್ದ.

ಮೂರು ವಾರ ಕಾರ್ಯಕ್ರಮದಲ್ಲಿ ಬೇರೆ ಯಾರೋ ಕೂತಿದ್ದರು. ಆಮೇಲೆ ಅವಳು ಮರಳಿದಳು. ಅಮ್ಮನ ಮನೆ, ಮಾಳಿಗೆ, ಭಾನುವಾರದ ಊಟ, ಯಾವುದರ ಮಾತೂ ಮತ್ತೆ ಬರಲಿಲ್ಲ ಅಂತ ಮನೆ ಒಡತಿ ಬೇಜಾರು ಮಾಡಿಕೊಂಡಳು. ನಾನು ನನ್ನ ಪುಟ್ಟ ಟಿ.ವಿ.ಯನ್ನು ಆ ಒಡತಿಗೇ ಕೊಟ್ಟುಬಿಟ್ಟೆ. ಅತ್ತೆ ಇಬ್ರಾಹಿಂಪಟ್ನಂ ಮನೆ ಬಿಟ್ಟು ಮಗಳ ಜೊತೆಗೆ ಹೋದಳು. ಆ ಓಣಿಯಲ್ಲಿ ಮೂವತ್ತು ವರ್ಷ ಇದ್ದವಳು ಅವಳು, ಹೊಸ ಮನೆ ಎಲ್ಲಿ ಅಂತ ನನಗೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು ಅಂತ ನಮ್ಮಿಬ್ಬರಿಗೂ ಅನಿಸಿತ್ತು. ಫೋನ್ ಮಾಡಿದಾಗ ಅಡುಗೆ, ಮಂಡಿನೋವು, ಬಳ್ಳಾರಿಯ ಸುದ್ದಿ ಮಾತಾಡುತ್ತಿದ್ದಳು.

ಒಂದು ವರ್ಷ ದಾಟಿದ ಮೇಲೆ ಆ ಮನುಷ್ಯನ ಅಕ್ಕ ನನಗೆ ಫೋನ್ ಮಾಡಿದರು. ತಮ್ಮ ಸುಧಾರಿಸಿದ್ದಾನೆ, ಒಂದು ಪುಸ್ತಕದ ಅಂಗಡಿಯಲ್ಲಿ ಕೂರುತ್ತಾನೆ, ಮಾತ್ರೆ ತಪ್ಪಿಸುವುದಿಲ್ಲ ಅಂದರು. ನನ್ನ ಬಾಯಿಗೆ ಹೊಡೆದದ್ದನ್ನು ನೆನೆದು ನೊಂದುಕೊಳ್ಳುತ್ತಾನಂತೆ. "ಗುರುವುಗಾರು ಹೇಗಿದ್ದಾರೆ ಕೇಳು ಅಂದ, ಅದಕ್ಕೆ ಮಾಡಿದೆ."

ಅವರ ದನಿ ಒಳ್ಳೆಯದಿತ್ತು. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ, ಅದೂ ನಿಜ. "ಚೆನ್ನಾಗಿದ್ದೇನೆ ಅಂತ ಹೇಳಿ" ಅಂದೆ. ಆ ವಾರವೇ ಫೋನ್ ನಂಬರು ಬದಲಿಸಿದೆ, ತಿಂಗಳು ಮುಗಿಯುವುದರೊಳಗೆ ಪೆಂಡುರ್ತಿಯ ಕೋಣೆಯನ್ನೂ ಬಿಟ್ಟೆ.